ಮಂಕರಿ ಮುಚ್ಚಿದ ಸೇವಂತಿಗೆ

ಗಣೇಶನ ಹಬ್ಬ ಕಳೆದ ಮೇಲಿನ ಭಾನುವಾರ ಶಿವಮೊಗ್ಗದ ತೋಟಗಾರಿಕೆ ಬಳಗದವರು ತಾಯಿಕುಂಡವನ್ನು ಈ ಸಲ ಯಾರಿಗೆ ಕೊಡುವುದೆಂದು ಮಾತಾಡುತ್ತಿದ್ದಾಗ, ಭದ್ರಾವತಿಯ ಸುಭದ್ರಮ್ಮ ಎದ್ದು ನಿಂತು, "ನನಗೆ ಕೊಡಿ" ಎಂದುಬಿಟ್ಟರು.

ತಾಯಿಕುಂಡವೆಂದರೆ ಮೊಣಕಾಲೆತ್ತರದ ಮಣ್ಣಿನ ಕುಂಡ. ಬಳಗ ಶುರುವಾದಾಗಿನಿಂದ ಬುಡ ಒಡೆದು ನೆಟ್ಟು ಉಳಿಸಿಕೊಂಡು ಬಂದ ಹಳದಿ ಸೇವಂತಿಗೆ ಅದರಲ್ಲಿತ್ತು. ಸದಸ್ಯರ ಮನೆಗಳಲ್ಲಿರುವ ಸೇವಂತಿಗೆಯೆಲ್ಲ ಅದರದೇ ಸಂತಾನ. ವರ್ಷಕ್ಕೊಬ್ಬರು ಅದನ್ನು ಒಯ್ದು ಸಾಕಿ, ಕಾರ್ತಿಕದ ಕೊನೆಯ ಭಾನುವಾರ ಸಭೆಗೆ ತರಬೇಕು. ಹೂ ತುಂಬಿ ಬಂದರೆ ಅಧ್ಯಕ್ಷರೇ ಕುಂಡ ಹೊತ್ತು ವೇದಿಕೆಯ ಮೇಲಿಡುವುದು ಪದ್ಧತಿ. ಬರೀ ಎಲೆಯಾಗಿ ಬಂದರೆ ತಂದವರೇ ಗೋಡೆ ಬದಿಗಿಟ್ಟು ಕೂರಬೇಕು. ಯಾರೂ ಏನೂ ಅನ್ನುವುದಿಲ್ಲ. ಅನ್ನದೇ ಇರುವುದೇ ಕಷ್ಟ. ಇದುವರೆಗೆ ಆ ಕುಂಡ ಶಿವಮೊಗ್ಗ ದಾಟಿದ್ದಿಲ್ಲ.

ಅಧ್ಯಕ್ಷ ಯಜ್ಞನಾರಾಯಣರು ಸಂಸ್ಕೃತ ಮೇಷ್ಟ್ರಾಗಿ ನಿವೃತ್ತರಾದವರು. ಕನ್ನಡಕ ಸರಿಮಾಡಿಕೊಂಡು, "ಆ ಕಬ್ಬಿಣದ ಊರಲ್ಲಿ ಸೇವಂತಿಗೆ ಮೊಗ್ಗು ಬಿಡುತ್ತೇನಮ್ಮ? ಮೊಳೆ ಬಿಟ್ಟೀತು" ಎಂದರು. ಸಭೆಯೆಲ್ಲ ನಕ್ಕಿತು.

ಸುಭದ್ರಮ್ಮನವರೂ ನಕ್ಕರು. "ಮೊಳೆ ಬಿಟ್ರೂ ತಂದು ತೋರಿಸ್ತೀನಿ ಸಾರ್." ನಗುತ್ತಲೇ ಹೇಳಿದರೂ ಅಧ್ಯಕ್ಷರ ಮಾತು ಮಲವಗೊಪ್ಪ ದಾಟಿ ಮನೆ ಮುಟ್ಟುವವರೆಗೂ ಅವರ ಎದೆಯಲ್ಲಿ ಚುಚ್ಚುತ್ತಲೇ ಇತ್ತು.

ಮಳೆ ಹಿಂದೆ ಸರಿಯುವ ಕಾಲವೆಂದರೆ ಹೂಗಿಡದವರಿಗೆ ಬಿಡುವಿಲ್ಲದ ಕಾಲ. ಗುಲಾಬಿಯ ಕಡ್ಡಿ ಸವರಬೇಕು, ಡೇರೆ ಹೂವಿನ ಗೆಡ್ಡೆ ಮಣ್ಣಿಗಿಡಬೇಕು, ಮಳೆಗೆ ಗಟ್ಟಿಯಾದ ಕುಂಡದ ಮಣ್ಣು ಕೆದಕಿ ಎಲೆಗೊಬ್ಬರ ಕೊಡಬೇಕು. ಸುಭದ್ರಮ್ಮ ಎಲ್ಲ ಮಾಡಿದರು. ತಾಯಿಕುಂಡಕ್ಕೆ ಮನೆಯೆದುರು ಗೇಟಿನ ಪಕ್ಕದ ಜಾಗ. ಹಿತ್ತಲಲ್ಲಿ ಹಲಸಿನ ಮರದ ನೆರಳು, ಬಿಸಿಲಿದ್ದದ್ದು ಗೇಟಿನ ಬಳಿ ಮಾತ್ರ. ಗಿಡಕ್ಕೆ ಕೋಲು ಕೊಟ್ಟರು, ಕಡಲೆ ಹಿಂಡಿ ನೆನೆಸಿದ ನೀರು ಹಾಕಿದರು. ಗಿಡ ಕೊಬ್ಬಿ ಬೆಳೆಯಿತು. ಮೊಗ್ಗು ಮಾತ್ರ ಇಲ್ಲ.

ನವರಾತ್ರಿಯ ಹೊತ್ತಿಗೆ ಬಳಗದ ವಾಟ್ಸ್ಯಾಪ್ ಗುಂಪಿನಲ್ಲಿ ಮೊಗ್ಗಿನ ಫೋಟೋಗಳು ಸಾಲುಗಟ್ಟಿದವು. ಸುಭದ್ರಮ್ಮ ಫೋನನ್ನು ಮಗುಚಿ ಮೇಜಿನ ಮೇಲಿಟ್ಟರು.

"ಗಿಡ ಚೆನ್ನಾಗೇ ಇದೆಯಲ್ಲೇ, ದಂಟಿನ ಸೊಪ್ಪಿದ್ದಂಗಿದೆ. ಹುಳಿ ಮಾಡಬಹುದು" ಎಂದರು ಗಂಡ ಶಿವಮೂರ್ತಪ್ಪ.

"ನೀವು ಸುಮ್ನಿರಿ ಮಾರಾಯ್ರೇ."

ಆಯುಧಪೂಜೆಯ ಸಂಜೆ, ತೊಳೆದು ನಿಲ್ಲಿಸಿದ ಸ್ಕೂಟರಿಗೆ ಹೂ ಏರಿಸಿ ಆರತಿ ಮಾಡುವ ಹೊತ್ತಿಗೆ ಬೀದಿದೀಪ ಹತ್ತಿಕೊಂಡಿತು. ಗೇಟಿನ ಕಂಬದ ನೆರಳು ಉದ್ದಕ್ಕೆ ಗಿಡದ ಒಂದು ಮಗ್ಗುಲ ಮೇಲೆ ಬಿತ್ತು. ಸುಭದ್ರಮ್ಮ ಆರತಿ ತಟ್ಟೆ ಹಿಡಿದುಕೊಂಡೇ ಬಗ್ಗಿದರು. ನೆರಳು ಬಿದ್ದ ಆ ಮಗ್ಗುಲಲ್ಲಿ, ಕುಡಿಗಳ ಸಂದಿಯಲ್ಲಿ, ಸಾಸಿವೆಯಷ್ಟು ಮೊಗ್ಗು! ಬೆಳಕು ಬಿದ್ದ ಕಡೆ ಒಂದೂ ಇಲ್ಲ.

ಮೊಗ್ಗು ಕಟ್ಟಬೇಕಾದರೆ ಸೇವಂತಿಗೆಗೆ ರಾತ್ರಿಯೆಂದರೆ ಕತ್ತಲೆಯೇ ಆಗಬೇಕು. ಇಲ್ಲಿ ಗಿಡಕ್ಕೆ ರಾತ್ರಿಯೇ ಆಗುತ್ತಿರಲಿಲ್ಲ. ಆ ದೀಪ ಹಾಕಿಸಿದ್ದಾದರೂ ಯಾರು? ಹೋದ ಬೇಸಿಗೆಯಲ್ಲಿ ನಗರಸಭೆಗೆ ಅಲೆದು, ಜಗಳವಾಡಿ, ಕಂಬ ಸರಿಯಾಗಿ ಗೇಟಿನೆದುರಿಗೇ ಬರುವಂತೆ ನಿಂತು ನೆಡಿಸಿದವರು ಸುಭದ್ರಮ್ಮನವರೇ. ಬೀದಿಯವರೆಲ್ಲ ಆಗ ಶಾಲು ಹೊದಿಸಿದ್ದರು.

"ಹಾಗಾದ್ರೆ ಬಲ್ಬ್ ತೆಗೆಸ್ಬಿಡು" ಎಂದರು ಶಿವಮೂರ್ತಪ್ಪ.

"ಟ್ಯೂಷನ್ ಮುಗಿಸ್ಕೊಂಡು ಹೆಣ್ಮಕ್ಕಳು ಬರ್ತಾವೆ. ಲೈಟ್ ಇರಲಿ. ಗಿಡಕ್ಕೆ ನಾನೇ ರಾತ್ರಿ ಮಾಡ್ತೀನಿ."

ದಿನಾ ಎತ್ತಿ ಒಳಗಿಡೋಣವೆಂದರೆ ಕುಂಡ ಬಲು ಭಾರ, ಇಬ್ಬರಿಗೂ ಸೊಂಟ ಹಿಡಿದೀತು. ಅಟ್ಟದಲ್ಲಿ ಅಡಿಕೆ ತುಂಬುತ್ತಿದ್ದ ಹಳೆಯ ದೊಡ್ಡ ಮಂಕರಿಯಿತ್ತು. ಅದನ್ನು ಇಳಿಸಿ, ಸುತ್ತಲೂ ಗೋಣಿಚೀಲ ಹೊಲಿದರು. ಅಂದಿನಿಂದ ದೀಪ ಹತ್ತುವ ಮೊದಲು ಬುಟ್ಟಿ ಗಿಡದ ಮೇಲೆ ಬೋರಲಾಗುತ್ತಿತ್ತು, ಬೆಳಗಾದೊಡನೆ ಮೇಲೇಳುತ್ತಿತ್ತು.

ಎದುರು ಮನೆಯ ವೀರೇಂದ್ರ ಕಾಂಪೌಂಡಿನ ಮೇಲಿಂದ ಇಣುಕಿದ. "ಏನು ಸುಭದ್ರಕ್ಕ, ಲಿಂಗಪೂಜೆ ಮಾಡೋ ಮನೇಲಿ ಕೋಳಿ ಸಾಕೋಕೆ ಶುರು ಮಾಡಿದ್ರಾ?"

"ಹೂಂ ಕಣಪ್ಪ. ಕಾರ್ತಿಕಕ್ಕೆ ಮೊಟ್ಟೆ ಇಡುತ್ತೆ, ನಿನಗೂ ಕೊಡ್ತೀನಿ."

ಹೊಳೆಹೊನ್ನೂರಿನಲ್ಲಿ ತಂಗಿಯ ಮನೆಯ ಗೃಹಪ್ರವೇಶ. ಊಟದ ಮೇಲೆ ಎಲ್ಲರೂ ಹರಟೆಗೆ ಕೂತರೆ ಸುಭದ್ರಮ್ಮ ಬ್ಯಾಗು ಹೆಗಲಿಗೇರಿಸಿದರು. ತಂಗಿ ಮುನಿಸಿಕೊಂಡಳು. "ಇದ್ದು ಹೋಗೇ ಅಕ್ಕ. ಒಂದು ಸಂಜೆ ಮುಚ್ಚದಿದ್ರೆ ಏನಾಗುತ್ತೆ?"

"ಏನೂ ಆಗದಿರಬಹುದು. ಆದ್ರೆ ನನಗೆ ನಿದ್ದೆ ಬರಲ್ಲ." ಬಸ್ಸಿನಲ್ಲಿ ಸೀಟೂ ಸಿಗಲಿಲ್ಲ, ನಿಂತೇ ಬಂದು, ಚಪ್ಪಲಿ ಬಿಡುವ ಮೊದಲು ಬುಟ್ಟಿ ಮುಚ್ಚಿದರು. ಅದಾದ ಸ್ವಲ್ಪ ಹೊತ್ತಿಗೆ ದೀಪ ಹತ್ತಿತು.

ದೀಪಾವಳಿಯ ಹೊತ್ತಿಗೆ ಸಾಸಿವೆ ಬಟಾಣಿಯಾಯಿತು. ಬೆಳಕಿನ ಕಡೆಯ ಕುಡಿಗಳೂ ಒಂದೊಂದೇ ಗಂಟು ಕಟ್ಟಿದವು. ಆದರೂ ಸುಭದ್ರಮ್ಮ ಗುಂಪಿಗೆ ಫೋಟೋ ಹಾಕಲಿಲ್ಲ.

ಕಾರ್ತಿಕದ ಕೊನೆಯ ಭಾನುವಾರ ಗೂಡ್ಸ್ ಆಟೋದಲ್ಲಿ ಕುಂಡ ಶಿವಮೊಗ್ಗಕ್ಕೆ ಬಂತು, ಮಂಕರಿ ಮುಚ್ಚಿಕೊಂಡೇ. ಆಟೋದವನೂ ಶಿವಮೂರ್ತಪ್ಪನೂ ಏದುಸಿರು ಬಿಡುತ್ತ ಅದನ್ನು ಸಭಾಂಗಣದ ಬಾಗಿಲಲ್ಲಿ ಇಳಿಸಿದರು. ಬುಟ್ಟಿ ನೋಡಿದವರು ಹೂವಿಲ್ಲವೆಂದೇ ತಿಳಿದರು. ಯಜ್ಞನಾರಾಯಣರು ಮೆತ್ತಗೆ, "ಪರವಾಗಿಲ್ಲಮ್ಮ, ಗೋಡೆ ಬದಿಗಿಡಿ. ನಮ್ಮ ಕೈಲೂ ಎರಡು ಸಲ ಹಾಗಾಗಿದೆ" ಎಂದರು.

ಸುಭದ್ರಮ್ಮ ಎರಡೂ ಕೈಯಲ್ಲಿ ಮಂಕರಿ ಹಿಡಿದು ಎತ್ತಿದರು.

ಎಲೆಯೇ ಕಾಣದಷ್ಟು ಹಳದಿ. ಗೇಟಿನ ಕಂಬದ ನೆರಳಿನ ಕಡೆಯ ಹೂಗಳು ಪೂರ್ತಿ ಬಿರಿದು ಬಾಗಿದ್ದವು. ಬೆಳಕಿನ ಕಡೆಯವು ಅಂದೇ ಬಾಯಿ ತೆರೆದಂತಿದ್ದವು. ಹಿಂದಿನ ಸಾಲಿನಲ್ಲಿ ಕೂತಿದ್ದವರು ಎದ್ದು ನಿಂತರು. ಯಾರೋ ಚಪ್ಪಾಳೆ ಶುರು ಮಾಡಿದರು.

"ಇದೇನಮ್ಮ ಗುಟ್ಟು?" ಎಂದರು ಅಧ್ಯಕ್ಷರು.

"ಗುಟ್ಟೇನಿಲ್ಲ ಸಾರ್. ನಾನೇ ಹಾಕಿಸಿದ ಬೀದಿದೀಪ ನನಗೇ ಅಡ್ಡ ಬಂತು. ಬುಟ್ಟಿ ಮುಚ್ಚಿ ಮಲಗಿಸಿದೆ, ಎದ್ದು ನಕ್ತು."

ಯಜ್ಞನಾರಾಯಣರು ಶಲ್ಯವನ್ನು ಸೊಂಟಕ್ಕೆ ಬಿಗಿದು ಬಗ್ಗಿದರು. ಇಬ್ಬರು ಕೈಕೊಡಲು ಓಡಿ ಬಂದರು. "ಬೇಡ, ಪದ್ಧತಿ ಪದ್ಧತಿಯೇ" ಎಂದು ಒಬ್ಬರೇ ಎದೆಗವಚಿ ಎತ್ತಿದರು. ಎರಡು ಹೆಜ್ಜೆ ಇಡುವಷ್ಟರಲ್ಲಿ ಮುಖ ಕೆಂಪಾಯಿತು.

"ಮಾರಾಯ್ತಿ, ಇದರೊಳಗೆ ಇರೋದು ಮಣ್ಣೋ ಕಬ್ಬಿಣವೋ?"

"ಭದ್ರಾವತಿ ಮಣ್ಣು ಸಾರ್" ಎಂದರು ಸುಭದ್ರಮ್ಮ, ಮಂಕರಿಯನ್ನು ಕಂಕುಳಿಗೇರಿಸಿಕೊಂಡು ಅವರ ಮುಂದೆ ದಾರಿ ಬಿಡಿಸುತ್ತ. "ಸ್ವಲ್ಪ ಭಾರ. ನಿಧಾನವಾಗಿ ಬನ್ನಿ."