ದನಿ ಸಮೇತ ಉಡುಗೊರೆ

ಫೋನು ಮಾಡಿ ಹೇಳಿದರೆ ಉಡುಗೊರೆಯನ್ನು ಮನೆಬಾಗಿಲಿಗೆ ತಲುಪಿಸುವ ಅಂಗಡಿಯನ್ನು ತಮ್ಮ ತೆರೆದಾಗ, ಇದೆಲ್ಲಿ ನಡೆದೀತು ಎಂದು ಬೀದಿಯೇ ನಕ್ಕಿತ್ತು. ನಡೆದದ್ದು ಅಕ್ಕನ ಗಂಟಲಿನಿಂದ. ಯಾರ ಮಾತನ್ನು ಒಮ್ಮೆ ಕೇಳಿದರೂ ಸಾಕು, ಕೆಮ್ಮು ಸಮೇತ ಒಪ್ಪಿಸುವಳು. ಹಾಗಾಗಿ ಚೀಟಿ ಬರೆಯುವ ಪದ್ಧತಿಯೇ ಇರಲಿಲ್ಲ. ಪೊಟ್ಟಣ ಹಿಡಿದು ಬಾಗಿಲಲ್ಲಿ ನಿಂತು, ಕಳಿಸಿದವರ ದನಿಯಲ್ಲೇ ಸಂದೇಶ ಹೇಳುತ್ತಿದ್ದಳು. ಅತ್ತೆಯ ದನಿ ಕೇಳಿ ಸೊಸೆಯೊಬ್ಬಳು ಟೀವಿ ಆರಿಸಿ ಓಡಿಬಂದದ್ದೂ ಉಂಟು.

ಒಂದು ಸೋಮವಾರ ಲಾರಿ ಓಡಿಸುವವನೊಬ್ಬ ದಾರಿಯಿಂದ ಫೋನು ಮಾಡಿದ. ಅಮ್ಮನಿಗೊಂದು ಶಾಲು. "'ಊಟ ಮಾಡ್ದೇನಮ್ಮ? ಬರ್ತಾ ಇದೀನಿ' ಅನ್ನಿ. ಅಷ್ಟ್ ಸಾಕು, ಜಾಸ್ತಿ ಹೇಳಿದ್ರೆ ಅನುಮಾನ ಪಡ್ತಾಳೆ."

ಮಂಗಳವಾರ ಮಧ್ಯಾಹ್ನ ಅಕ್ಕ ಹೋದಾಗ ಬಾಗಿಲ ಹೊರಗೆ ರಾಶಿ ಚಪ್ಪಲಿ. ನೆಂಟರು ಬಂದಿರಬೇಕೆಂದು, ಮುಚ್ಚಿದ ಕದಕ್ಕೆ ಬಾಯಿ ತಂದು ಹೇಳಿಯೇ ಬಿಟ್ಟಳು. ಒಳಗಿನ ಗುಜುಗುಜು ಗಕ್ಕನೆ ನಿಂತಿತು. ಲಾರಿ ಬೆಳಿಗ್ಗೆ ಕಂದಕಕ್ಕೆ ಉರುಳಿತ್ತು. ಸುದ್ದಿ ಮುಟ್ಟಿ ಇನ್ನೂ ಎರಡು ಗಂಟೆ ಆಗಿರಲಿಲ್ಲ.

ಅಲ್ಲಿಂದ 'ಸತ್ತೋರ ಅಂಗಡಿ' ಎಂಬ ಹೆಸರು ಬಿತ್ತು. ಗಿರಾಕಿಗಳ ಫೋನು ನಿಂತೇಹೋಯಿತು. ಬರುತ್ತಿದ್ದದ್ದು ಆ ತಾಯಿಯದೊಂದೇ, ದಿನಾ ಹನ್ನೊಂದಕ್ಕೆ: "ಇನ್ನೊಂದ್ಸಲ ಬಾರೇ ತಾಯಿ." ಅಕ್ಕ ಇಟ್ಟುಬಿಡುವಳು. ಆದರೆ ಅವನ ದನಿ ಅವಳನ್ನು ಬಿಡಲಿಲ್ಲ. ಉಪ್ಪು ಕೊಡು ಎಂದರೂ ಅದೇ ಗಂಡುದನಿ.

"ನಿನ್ ದನೀಲಿ ಮಾತಾಡೇ ಮಾರಾಯ್ತಿ, ತುತ್ತು ಇಳೀತಿಲ್ಲ," ಎಂದ ತಮ್ಮ.

ಅವಳಿಗೂ ಬೇಕಾಗಿದ್ದದ್ದು ಅದೊಂದೇ. ಆದರೆ ಊರಿನವರೆಲ್ಲರ ದನಿ ನೆನಪಿದ್ದವಳಿಗೆ ತನ್ನದು ಹೇಗಿತ್ತೆಂದು ಹೊಳೆಯಲೇ ಇಲ್ಲ.

ಅಂಗಡಿ ಮುಚ್ಚುವ ದಿನ ಮತ್ತೆ ಫೋನು ಬಂತು. ಈ ಸಲ ಅಕ್ಕ ಇಡಲಿಲ್ಲ. "ಹಲೋ," ಎಂದಳು, ಅವನ ದನಿಯಲ್ಲೇ.

ಆಚೆಯಿಂದ ತಾಯಿ, "ಒಂದ್ ಆರ್ಡರ್ ಬರ್ಕೊಳಮ್ಮ," ಎಂದಳು. "ನನ್ ಮಗನಿಗೆ. ನನ್ನದು ಊಟ ಆಯ್ತು, ನೀನಿನ್ನು ಅಲೀಬೇಡ, ಹೋಗಪ್ಪ ಅನ್ನು. ನನ್ ದನೀಲೇ ಹೇಳು, ಇಲ್ದಿದ್ರೆ ಕೇಳೋನಲ್ಲ."

"ಎಲ್ಲಿಗೆ ತಲುಪಿಸ್ಲಿ?"

"ನಿನ್ ಹತ್ರಾನೇ ಇದಾನಲ್ಲ."

ಅಕ್ಕ ಫೋನಿಟ್ಟಳು. ಖಾಲಿ ಕಪಾಟಿನತ್ತ ಮುಖ ಮಾಡಿ, ಮುದುಕಿಯ ದನಿಯಲ್ಲಿ ಒಂದೊಂದೇ ಮಾತು ಹೇಳಿದಳು. 'ಹೋಗಪ್ಪ' ಎನ್ನುತ್ತಲೇ ಗಂಟಲಿನಿಂದ ಏನೋ ಎದ್ದು ಹೋದಂತೆ ಹಗುರಾಯಿತು.

"ಯಾರ ಹತ್ರ ಮಾತಾಡ್ತಿದ್ದೆ?" ತಮ್ಮ ಬಾಗಿಲಲ್ಲಿ ನಿಂತಿದ್ದ.

ಹೇಳಲೆಂದು ಬಾಯಿ ತೆರೆದಳು. ಬರೀ ಗಾಳಿ ಬಂತು.