ಗಟ್ಟಿ ನೆಲ

"ಆ ಕುರ್ಚಿ ಸ್ವಲ್ಪ ಆಚೆ ತಳ್ಳಮ್ಮ, ಅಳತೆಗೆ ಅಡ್ಡ ಬರ್ತಿದೆ."

ಆ ಗಾಲಿಕುರ್ಚಿಯಲ್ಲಿ ನನ್ನ ಗಂಡ ಓಝೆಲ್ ಕೂತಿದ್ದ. ನಗರಸಭೆಯ ಗುಮಾಸ್ತ ಪ್ರೆಂಟಿಸ್ ಅವನನ್ನು ಮೂಟೆ ನೋಡಿದ ಹಾಗೆ ನೋಡಿ, ಅಳತೆಪಟ್ಟಿಯನ್ನು ಚಕ್ರಗಳ ನಡುವೆಯೇ ತೂರಿಸಿದ. ಅವನು ಅಳೆಯುತ್ತಿದ್ದುದು ನಮ್ಮ ಬಾಗಿಲಿಂದ ಬೀದಿಗೆ ಇಳಿಯುವ ಕಾಂಕ್ರೀಟಿನ ಇಳಿಜಾರನ್ನು.

"ಇದೆಲ್ಲ ಗಟ್ಟಿ ನೆಲ. ಇದರ ಮೇಲೆ ಬಿದ್ದ ಮಳೆ ಇಂಗಲ್ಲ, ಹರಿದು ಚರಂಡಿಗೆ ಬರುತ್ತೆ. ಅದಕ್ಕೇ ಚರಂಡಿ ಶುಲ್ಕ. ಯಾರ ನೀರಿಗೆ ಅವರೇ ಜವಾಬ್ದಾರಿ."

"ಯಾವ್ ಚರಂಡಿ ಸಾಮಿ?" ಎಂದ ಓಝೆಲ್. "ಈ ಬೀದೀಲಿ ಎಲ್ಲೈತೆ, ವಸಿ ತೋರ್ಸಿ. ಕೈಯಾದ್ರೂ ಮುಗೀತೀನಿ."

ಪ್ರೆಂಟಿಸ್ ಕೇಳಿಸದವನ ಹಾಗೆ ಬರೆದುಕೊಂಡ. ನಮ್ಮ ಬೀದಿಯಲ್ಲಿ ಇರುವುದು ಒಂದು ಹಳ್ಳ. ಅದರ ತಲೆಗೆ ಗುಡ್ಡದ ಮೇಲಿನ ಮಾಲ್‌ನಿಂದ ಇಳಿದು ಬರುವ ಕೊಳವೆಯ ಬಾಯಿ. ಸಾವಿರ ಕಾರು ನಿಲ್ಲುವ ಆ ಬಯಲಿನ ಮಳೆ, ಎಣ್ಣೆ, ಕೊಳೆ ಎಲ್ಲ ಈ ಕೊಳವೆಯಿಂದ ಹಳ್ಳಕ್ಕೆ, ಹಳ್ಳದಿಂದ ನಮ್ಮ ಅಡುಗೆಮನೆಗೆ. ಮಾಲ್‌ನವರು ಒಂದು ಕಾರಂಜಿ ಕೊಳ ತೋಡಿಸಿದ್ದಾರೆ. ನೀರು ಅದರಲ್ಲೇ ನಿಲ್ಲುತ್ತದಂತೆ, ಅವರಿಗೆ ಶುಲ್ಕ ಮಾಫಿ. ಕೊಳ ತುಂಬಿದರೆ ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಕೇಳಿಲ್ಲ. ಗುಡ್ಡದ ಮೇಲೆ ಬಿಳಿಯರು, ತಗ್ಗಿನಲ್ಲಿ ನಾವು ಕರಿಯರು. ಕೇಳುವವರಾದರೂ ಯಾರು?

ಓಝೆಲ್ ಕಸಾಯಿಖಾನೆಯಲ್ಲಿ ದುಡಿದು, ಸಕ್ಕರೆ ಕಾಯಿಲೆಗೆ ಎರಡೂ ಕಾಲು ಕೊಟ್ಟವನು. ಮಳೆ ಬಂತೆಂದರೆ ಅಂಗಳದ ಕೆಸರಲ್ಲಿ ಕುರ್ಚಿ ಹೂತುಹೋಗುತ್ತಿತ್ತು. ನಮ್ಮ ಚರ್ಚಿನ ಗಂಡಸರು ಒಂದು ಭಾನುವಾರ ಪ್ರಾರ್ಥನೆ ಮುಗಿಸಿ, ಕೋಟು ಕಳಚಿಟ್ಟು ಈ ಇಳಿಜಾರು ಹಾಕಿಕೊಟ್ಟರು. ನಾನು ಎಲ್ಲರಿಗೂ ಮೀನು ಹುರಿದು ಬಡಿಸಿದೆ. ಕಾಂಕ್ರೀಟು ಒಣಗಿದ ದಿನ ಓಝೆಲ್ ಯಾರ ಕೈಯೂ ಇಲ್ಲದೆ ಬೀದಿಗೆ ಇಳಿದು, ತಿರುಗಿ ಬಂದು ಅತ್ತುಬಿಟ್ಟಿದ್ದ.

"ಕಟ್ಟದಿದ್ರೆ?" ಎಂದೆ.

"ಮನೆ ಹರಾಜು." ಬಸ್ಸಿನ ನಂಬರು ಹೇಳುವಷ್ಟು ತಣ್ಣಗೆ ಹೇಳಿದ. "ಇಲ್ಲಾಂದ್ರೆ ಇದನ್ನ ಒಡೆಸಿ ಹುಲ್ಲು ಹಾಕಿ, ಶುಲ್ಕ ಇಳಿಯುತ್ತೆ. ಇವರೇನು, ಹೇಗೂ ಮನೇಲೇ ಇರೋರು ತಾನೆ."

ಓಝೆಲ್‌ನ ಅಪ್ಪ ತನ್ನ ಕೈಯಾರೆ ಕಟ್ಟಿದ ಮನೆ ಅದು. ಶುಲ್ಕ ಕಟ್ಟಲು ನಮ್ಮಲ್ಲಿ ಕಾಸಿರಲಿಲ್ಲ. ಮೂರನೆಯ ದಿನ ಓಝೆಲ್ ತಾನೇ ಹೇಳಿದ.

"ಪಕ್ಕದ್ಮನೆ ಕ್ಲಿಯೋಥಾನ ಕೇಳಿ ಸುತ್ತಿಗೆ ಈಸ್ಕೊಂಬಾ. ಮನೆ ಉಳದ್ರೆ ಸಾಕು, ನಾ ಒಳ್ಗೇ ಬಿದ್ದಿರ್ತೀನಿ."

"ಸುಮ್ಕಿರು. ನಿನ್ ಕಾಲ್ನ ಇನ್ನೊಂದ್ಕಿತ ಕಡೀಲಾ ನಾನು?"

"ಎರಡ್ಕಿತ ಕಡ್ದವ್ರೆ. ರೂಢಿ ಆಗೈತೆ, ಒಡಿ."

ಅಳುತ್ತಲೇ ಒಡೆದೆ. ಕ್ಲಿಯೋಥಾ ಪ್ರತಿ ಏಟಿಗೂ ಪ್ರೆಂಟಿಸ್‌ನ ವಂಶಕ್ಕೆಲ್ಲ ಬೈಯುತ್ತ ಒಡೆದಳು. ಮಧ್ಯಾಹ್ನದ ಹೊತ್ತಿಗೆ ಇಳಿಜಾರು ಒಂದು ರಾಶಿ. ಓಝೆಲ್‌ನ ಕುರ್ಚಿ ಹೊಸಿಲಲ್ಲೇ ನಿಂತಿತು. ಮುಂದೆ ಸೊಂಟದೆತ್ತರದ ಪ್ರಪಾತ.

ಮಾರನೆಯ ದಿನ ನಗರಸಭೆಗೆ ಹೋದೆ. ಪ್ರೆಂಟಿಸ್ ಕಂಪ್ಯೂಟರ್ ತಿರುಗಿಸಿ ತೋರಿಸಿದ. ವಿಮಾನದಿಂದ ತೆಗೆದ ಫೋಟೋ. ನಮ್ಮ ಮನೆ, ಅದರ ಮುಂದೆ ಬೆಳ್ಳಗೆ ಇಳಿಜಾರು.

"ಲೆಕ್ಕಕ್ಕೆ ಇದೇ ಆಧಾರ. ಹೊಸ ಫೋಟೋ ಬರೋವರೆಗೂ ಶುಲ್ಕ ಹೀಗೇ ಇರುತ್ತೆ."

"ಒಡ್ದಾಕಿವ್ನಿ ಸಾಮಿ. ನೀನೇ ಅಂದೆ. ಬಂದ್ ನೋಡು."

"ನಾನು ನೋಡಿ ಏನಾಗ್ಬೇಕು? ಫೋಟೋದಲ್ಲಿ ಇದೆಯಲ್ಲ." ನನ್ನ ಭುಜದಾಚೆ ನೋಡಿ ಮುಂದಿನವರನ್ನು ಕರೆದ.

ಮನೆಗೆ ಬಂದು ಹೇಳಿದಾಗ ಕ್ಲಿಯೋಥಾ ಉಗಿದಳು. "ಸೂಳೇಮಗ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಅಂದಂಗಾಯ್ತು."

ಗುಡ್ಡದ ಮೇಲೆ ಮೋಡ ಕಟ್ಟುತ್ತಿತ್ತು. ನಾನು ತಳ್ಳುಗಾಡಿಗೆ ಕಾಂಕ್ರೀಟಿನ ದೊಡ್ಡ ತುಂಡೊಂದನ್ನು ಉರುಳಿಸಿದೆ.

"ಎಲ್ಲಿಗಮ್ಮಿ?" ಎಂದಳು ಕ್ಲಿಯೋಥಾ.

"ಕೊಳ್ವೆ ಬಾಯ್ಗೆ. ಯಾರ್ ನೀರು ಅವ್ರೇ ಮಡಿಕ್ಕಳ್ಳಿ."

ಅವಳೂ ಇನ್ನೊಂದು ತುಂಡು ಎತ್ತಿದಳು. ಇಳಿಜಾರು ಹಾಕಿದ್ದ ಗಂಡಸರೂ ಬಂದರು. ಹೋದ ಮಳೆಯಲ್ಲಿ ನೆನೆದು ಕೊಳೆತ ಹಾಸಿಗೆಗಳನ್ನು ಹೊತ್ತು ತಂದರು. ಕೊಳವೆಯ ಬಾಯಿಗೆ ಹಾಸಿಗೆ ತುರುಕಿ, ಮೇಲೆ ಕಾಂಕ್ರೀಟು ಒಟ್ಟಿದೆವು. ಮಳೆ ಹಿಡಿಯಿತು. ನಾನು ಆ ರಾಶಿಗೆ ಬೆನ್ನು ಕೊಟ್ಟು ಕೂತೆ, ನನ್ನ ಪಕ್ಕ ಕ್ಲಿಯೋಥಾ, ಆಮೇಲೆ ಉಳಿದವರು.

ನಗರಸಭೆಯ ಗಾಡಿ ಬಂತು. ಪ್ರೆಂಟಿಸ್ ಛತ್ರಿಯಡಿಯಿಂದ ಕೂಗಿದ. "ಮೇಲೆ ಕಾರೆಲ್ಲ ಮುಳುಗ್ತಿದೆ. ತೆಗೀರಿ. ಪೊಲೀಸ್ ಬರ್ತಿದಾರೆ."

ನಾವು ಏಳಲಿಲ್ಲ. ಕೊಳವೆಯೊಳಗೆ ನೀರು ಗುದ್ದುವುದು ಬೆನ್ನಿಗೆ ತಿಳಿಯುತ್ತಿತ್ತು. ಅಲ್ಲಿಂದ ನಮ್ಮ ಬಾಗಿಲು ನೇರ ಕಾಣುತ್ತದೆ. ರಾಶಿ ಕುಸಿದರೆ ನೀರು ಮೊದಲು ನುಗ್ಗುವುದು ಆ ಮನೆಗೇ. ಇಳಿದು ಬರಲು ಓಝೆಲ್‌ಗೆ ದಾರಿ ಇಲ್ಲ. ನನ್ನ ಜೀವವೆಲ್ಲ ಆ ಹೊಸಿಲಿನಲ್ಲಿತ್ತು. ಎದ್ದು ಓಡಲು ಕೈಯೂರಿದೆ.

ಹೊಸಿಲಲ್ಲಿ ಕೂತಿದ್ದ ಓಝೆಲನಿಗೆ ಅದು ಕಂಡಿತು. ಬಗ್ಗಿ ಎರಡೂ ಚಕ್ರಕ್ಕೆ ಬ್ರೇಕು ಬಿಗಿದ.

"ಎದ್ದೇಳ್ಬ್ಯಾಡ ಕಣಮ್ಮಿ," ಎಂದು ಕೂಗಿದ.

ಮತ್ತೆ ಕೂತೆ. ಬೆನ್ನ ಹಿಂದೆ ಒಂದು ತುಂಡು ಅಲುಗಿತು.