ಖಾಲಿ ಮಂಚದ ನಾಡಿ

ಆರನೇ ಮಂಚದ ಅಜ್ಜಿ ತೀರಿಕೊಂಡು ಮೂರು ದಿನವಾಗಿತ್ತು. ಹಾಸಿಗೆ ಖಾಲಿ. ಆದರೂ ತಲೆದೆಸೆಯ ಯಂತ್ರ ನಾಡಿ ತೋರಿಸುತ್ತಲೇ ಇತ್ತು. ಎಪ್ಪತ್ತೆರಡು, ಎಪ್ಪತ್ತೊಂದು, ಮತ್ತೆ ಎಪ್ಪತ್ತೆರಡು. ಸ್ವಿಚ್ಚು ಮುಟ್ಟಲು ಯಾರಿಗೂ ಧೈರ್ಯವಿರಲಿಲ್ಲ. ವಾರ್ಡಿನ ಆಯಾ ಆ ಮೂಲೆಯ ಕಸ ಗುಡಿಸುವುದನ್ನೇ ಬಿಟ್ಟಿದ್ದಳು. ನಡುಮಧ್ಯಾಹ್ನದಲ್ಲೂ ಆ ಹಸಿರು ಗೆರೆ ಏರಿಳಿಯುವುದನ್ನು ಕಂಡರೆ ಮೈ ಜುಮ್ಮೆನ್ನುತ್ತಿತ್ತು.

ಆಯಾಳ ಮಗಳು ಅರ್ಜಿ ಹಿಡಿದು ಬಂದದ್ದು ಅಲ್ಲಿಗೇ. ಆಸ್ಪತ್ರೆ ಯಂತ್ರಗಳ ರಿಪೇರಿ ಕಲಿಸುವ ಡಿಪ್ಲೊಮಾಗೆ ಸೇರಲು ಅಂದೇ ಕೊನೆಯ ದಿನ. ತಾಯಿಯ ರುಜು ಬೇಕಿತ್ತು.

"ಸತ್ತೋರ ಮೈಗೆ ಅಂಟಿದ್ದನ್ನೆಲ್ಲ ಮುಟ್ಟೋ ಕೆಲಸ ನಿಂಗ್ಯಾಕೇ? ಅಲ್ನೋಡು, ಅಜ್ಜಿ ಇನ್ನೂ ಹೋಗಿಲ್ಲ!"

"ಅಜ್ಜಿ ಹೋಗಿದಾರೆ ಅಕ್ಕ. ಯಂತ್ರಕ್ಕೆ ಗೊತ್ತಾಗಿಲ್ಲ ಅಷ್ಟೇ," ಎನ್ನುತ್ತ ಯಂತ್ರ ರಿಪೇರಿಗೆ ಆಸ್ಪತ್ರೆಯವರು ಕರೆಸಿದ್ದ ಹೆಂಗಸು ಚೀಲ ಹೆಗಲಿಗೇರಿಸಿಕೊಂಡು ಒಳಗೆ ಬಂದಳು. ಕೈಗವಸು ತೊಟ್ಟು, ಮಂಚದ ಸರಳಿಗೆ ಜೋತುಬಿದ್ದಿದ್ದ ಬೆರಳಿನ ಕ್ಲಿಪ್ಪನ್ನು ನೋಡಿದಳು. "ಇದಕ್ಕೆ ರಬ್ಬರ್ ಬ್ಯಾಂಡ್ ಸುತ್ತಿದ್ದು ಯಾರು?"

"ನಾನೇ. ಸ್ಪ್ರಿಂಗ್ ಹೋಗಿತ್ತು, ಬೆರಳಿಂದ ಜಾರ್ತಿತ್ತು," ಎಂದಳು ಆಯಾ.

ರಿಪೇರಿಯವಳು ಮೇಲೆ ಮಿಣುಕುತ್ತಿದ್ದ ಹಳೇ ಟ್ಯೂಬ್‌ಲೈಟನ್ನು ಆರಿಸಿದಳು. ಹಸಿರು ಗೆರೆ ಸಪಾಟಾಯಿತು. ಮತ್ತೆ ಹಾಕಿದಳು. ಎಪ್ಪತ್ತೆರಡು.

"ಈ ಕ್ಲಿಪ್ಪು ಬೆರಳಿನೊಳಗೆ ಬೆಳಕು ಹಾಯಿಸಿ ನಾಡಿ ಎಣಿಸತ್ತೆ. ಈಗ ಬೆರಳಿಲ್ಲ, ಬಾಯಿ ಸರಿಯಾಗಿ ಮುಚ್ಚಿಲ್ಲ; ಮೇಲಿನ ಬೆಳಕು ಮಿಣುಕೋದನ್ನೇ ನಾಡಿ ಅನ್ಕೊಂಡಿದೆ."

"ಅಯ್ಯೋ ನನ್ನ ಬುದ್ಧಿಗಿಷ್ಟು! ಮೂರು ದಿನ ಟ್ಯೂಬ್‌ಲೈಟಿಗೆ ಹೆದರಿದ್ನಾ!"

"ಇದಕ್ಕೆಲ್ಲ ಏನೇನು ಕಲೀಬೇಕಕ್ಕ?" ಎಂದಳು ಮಗಳು.

"ವಿಜ್ಞಾನ ಓದಿರ್ಬೇಕು. ಕರೆಂಟು, ಎಲೆಕ್ಟ್ರಾನಿಕ್ಸು ಕಲಿಸ್ತಾರೆ. ರಕ್ತ, ಉಸಿರು ಹೇಗೆ ಓಡಾಡತ್ತೆ ಅನ್ನೋದನ್ನೂ. ಆಮೇಲೆ ಆಸ್ಪತ್ರೇಲೇ ಕೈ ಪಳಗಬೇಕು. ರಿಪೇರಿ ಮಾಡಿದ್ಮೇಲೆ ಅಳತೆ ಸರಿ ಇದ್ಯಾ ಅಂತ ಪರೀಕ್ಷಿಸಿ ಬರೆದಿಡಬೇಕು. ಯಾವ್ದನ್ನೂ ಸುಮ್ಸುಮ್ನೆ ನಂಬಬಾರದು."

"ಹಾಗಿದ್ರೆ ಇವಳೇ ಸರಿ. ಹೆತ್ತ ತಾಯಿ ಮಾತನ್ನೇ ನಂಬಲ್ಲ!"

ರಿಪೇರಿಯವಳು ನಗಲಿಲ್ಲ. "ನೀವು ಹೆದರಬೇಕಾದ್ದು ಈಗ, ಅಕ್ಕ. ಮಲಗಿರೋರ ಬೆರಳಿಂದ ಇದು ಜಾರಿದ್ರೆ? ಅವರ ಉಸಿರು ನಿಂತ್ರೂ ಎಪ್ಪತ್ತೆರಡು ಅಂತಿರತ್ತೆ. ಎಚ್ಚರಿಸೋಕೆ ಕೂಗೋದೇ ಇಲ್ಲ."

ಆಯಾ ತಿರುಗಿ ಆರನೇ ಮಂಚ ನೋಡಿದಳು. ಅಜ್ಜಿಯ ಕೊನೆಯ ಬೆಳಿಗ್ಗೆ ತಾನು ಅಂಕಿ ನೋಡಿಕೊಂಡು, ಮುಖ ನೋಡದೆ, ನೀರು ತರಲು ಹೋಗಿದ್ದಳು. ಆಗಲೂ ಎಪ್ಪತ್ತೆರಡೇ ಇತ್ತು.

ಮಗಳ ಕೈಯಿಂದ ಅರ್ಜಿ ತೆಗೆದುಕೊಂಡು ರುಜು ಹಾಕಿದಳು. ಆಮೇಲೆ ಒಂದೊಂದೇ ಮಂಚಕ್ಕೆ ಹೋಗಿ, ಮಲಗಿದವರ ಬೆರಳು ಹಿಡಿದು ಬಿಸಿಯಿದೆಯೇ ಎಂದು ನೋಡತೊಡಗಿದಳು.

ಓದುತ್ತಿರುವ ಅಕ್ಕಂದಿರೇ, ಅಣ್ಣಂದಿರೇ, ಕೆಟ್ಟ ಯಂತ್ರ ಯಾವಾಗಲೂ ಕೂಗಿ ಹೇಳುವುದಿಲ್ಲ. ಕೆಲವೊಮ್ಮೆ ತಣ್ಣಗೆ ಸುಳ್ಳು ಹೇಳುತ್ತದೆ. ಆ ಸುಳ್ಳು ಹಿಡಿಯಬಲ್ಲ ಮಗನೋ ಮಗಳೋ ನಿಮ್ಮ ಮನೆಯಲ್ಲಿದ್ದರೆ ತಡೆಯಬೇಡಿ. ಹತ್ತಿರದ ಯಾವ ತಾಂತ್ರಿಕ ಕಾಲೇಜಿನಲ್ಲಿ ಈ ತರಬೇತಿ ಇದೆಯೆಂದು ಇಂದೇ ವಿಚಾರಿಸಿ, ಸೇರಿಸಿ.